ಅಡಿಕೆ ತೋಟದಿಂದ ಭೂತಾನ್‌ ಗಡಿವರೆಗೆ: ಸಂಸದರ ಒಂದು ವಾರ

ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರು ದೆಹಲಿಯಲ್ಲಿ ವಾರವಿಡೀ ಏನು ಮಾಡುತ್ತಾರೆ? ಪದವಿ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು. ಬರುವ ಉತ್ತರ ಸಾಮಾನ್ಯವಾಗಿ ಎರಡೇ: ‘ಭಾಷಣ ಮಾಡುತ್ತಾರೆ’, ಇಲ್ಲವೇ ‘ಗಲಾಟೆ ಮಾಡುತ್ತಾರೆ’. ಟಿ.ವಿ.ಯಲ್ಲಿ ಕಾಣುವುದು ಅಷ್ಟೇ ಆದ್ದರಿಂದ ಮಕ್ಕಳನ್ನು ದೂರುವಂತಿಲ್ಲ. ಆದರೆ ಸಂಸದರ ಕೆಲಸದ ಬಹುಪಾಲು ನಡೆಯುವುದು ಕ್ಯಾಮೆರಾ ಇಲ್ಲದ ಕಡೆ, ಕಡತಗಳ ನಡುವೆ, ಬಾಗಿಲು ಮುಚ್ಚಿದ ಸಮಿತಿ ಕೊಠಡಿಗಳಲ್ಲಿ. ಆ ಕೆಲಸವನ್ನು ನಿಮಗೆ ನಿಧಾನವಾಗಿ, ಒಂದೊಂದೇ ಹೆಜ್ಜೆಯಾಗಿ ಪರಿಚಯಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ. ನಿಮಗೆ ರಾಜ್ಯಶಾಸ್ತ್ರ ಗೊತ್ತಿರಬೇಕಾಗಿಲ್ಲ. ತಿಳಿಯುವ ಕುತೂಹಲವಿದ್ದರೆ ಸಾಕು.

ಮೊದಲು ಬುನಾದಿ. ಲೋಕಸಭೆಯಲ್ಲಿ 543 ಸ್ಥಾನಗಳಿವೆ, ಅದರಲ್ಲಿ ಕರ್ನಾಟಕದ ಪಾಲು 28. ಈ ಸದಸ್ಯರಲ್ಲಿ ಕೆಲವರು ಮಾತ್ರ ಸಚಿವರಾಗುತ್ತಾರೆ. ಉಳಿದವರೆಲ್ಲ, ಅವರು ಆಳುವ ಪಕ್ಷದವರೇ ಆಗಿರಲಿ, ಸರ್ಕಾರದ ಭಾಗವಲ್ಲ. ಈ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಸರ್ಕಾರ ಆಡಳಿತ ನಡೆಸುತ್ತದೆ. ಸಂಸದರು ಸರ್ಕಾರವನ್ನು ಪ್ರಶ್ನಿಸುತ್ತಾರೆ, ಅದು ಕೇಳುವ ಹಣಕ್ಕೆ ಒಪ್ಪಿಗೆ ಕೊಡುತ್ತಾರೆ, ಅದು ತರುವ ಮಸೂದೆಗಳನ್ನು ಪರಿಶೀಲಿಸುತ್ತಾರೆ. ಮಸೂದೆ ಎಂದರೆ ಇನ್ನೂ ಕಾನೂನಾಗಿರದ, ಸದನದ ಒಪ್ಪಿಗೆಗಾಗಿ ಕಾದಿರುವ ಕರಡು. ನಿಮ್ಮೂರಿನ ರಸ್ತೆಗೆ ಡಾಂಬರು ಹಾಕಿಸುವುದಾಗಲಿ, ಬೇರೆ ದೇಶದೊಡನೆ ಒಪ್ಪಂದಕ್ಕೆ ಸಹಿ ಹಾಕುವುದಾಗಲಿ ಸಂಸದರ ನೇರ ಅಧಿಕಾರವಲ್ಲ.

ಹಾಗಾದರೆ ಯಾವ ವಿಷಯ ಯಾರದು? ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ಕೃಷಿ ರಾಜ್ಯ ಪಟ್ಟಿಯಲ್ಲಿದೆ. ವಿದೇಶಾಂಗ ವ್ಯವಹಾರ, ವಿದೇಶಿ ವ್ಯಾಪಾರ, ಆಮದು ರಫ್ತು ಕೇಂದ್ರ ಪಟ್ಟಿಯಲ್ಲಿವೆ. ಕಾಗದದ ಮೇಲೆ ಈ ವಿಂಗಡಣೆ ಅಚ್ಚುಕಟ್ಟಾಗಿದೆ. ಜನರ ಕಷ್ಟ ಮಾತ್ರ ಹೀಗೆ ವಿಂಗಡಿಸಿಕೊಂಡು ಬರುವುದಿಲ್ಲ. ಒಳನಾಡಿನ ವಿಷಯ, ವಿದೇಶದ ವಿಷಯ ಎಂದು ನಾವು ಬೇರೆಬೇರೆಯಾಗಿ ಓದುವ ಎರಡೂ ಸಂಸದರ ಮೇಜಿಗೆ ಒಂದೇ ಅರ್ಜಿಯಾಗಿ ಬರುತ್ತವೆ ಎಂಬುದೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ ಮಾತು.

ಅಡಿಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು, ದಾವಣಗೆರೆ ಕಡೆಯ ಯಾವ ಸಂಸದರ ಕಚೇರಿಗೆ ಹೋದರೂ ಅಡಿಕೆಯ ಮನವಿಪತ್ರ ಇದ್ದೇ ಇರುತ್ತದೆ. ಬೆಳೆಗಾರರ ಅಹವಾಲು ಸರಳ: ಎಲೆಚುಕ್ಕಿ ರೋಗ ತೋಟ ತಿನ್ನುತ್ತಿದೆ, ಹೊರಗಿನ ಅಡಿಕೆ ಒಳಗೆ ಬಂದು ಧಾರಣೆ ಬೀಳುತ್ತಿದೆ, ಏನಾದರೂ ಮಾಡಿ. ಈ ಒಂದೇ ಮನವಿಯನ್ನು ಸಂಸದರ ಆಪ್ತ ಸಹಾಯಕರು ಬಿಡಿಸಿ ನೋಡಬೇಕು. ರೋಗದ ಮಾತು ಕೃಷಿ ಸಚಿವಾಲಯಕ್ಕೂ ರಾಜ್ಯದ ತೋಟಗಾರಿಕೆ ಇಲಾಖೆಗೂ ಸೇರಿದ್ದು. ಆಮದಿನ ನಿಯಮ ವಾಣಿಜ್ಯ ಸಚಿವಾಲಯದ್ದು. ಸುಂಕ ಮತ್ತು ಕಳ್ಳಸಾಗಣೆ ಹಣಕಾಸು ಸಚಿವಾಲಯದ ಅಡಿ ಬರುತ್ತವೆ. ಮಾಲು ನೆರೆಯ ದೇಶದಿಂದ ಬರುತ್ತಿದ್ದರೆ ವಿದೇಶಾಂಗ ಸಚಿವಾಲಯವೂ ಸೇರಿಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಅಡಿಕೆಯ ಮೇಲೆ ಭಾರತದ ಮೂಲ ಆಮದು ಸುಂಕ ಶೇ 100. ಅದರ ಜೊತೆಗೆ ‘ಕನಿಷ್ಠ ಆಮದು ಬೆಲೆ’ ಎಂಬ ಇನ್ನೊಂದು ತಡೆಯಿದೆ. ಹಾಗೆಂದರೆ ಇಂತಿಷ್ಟು ರೂಪಾಯಿಗಿಂತ ಕಡಿಮೆ ಬೆಲೆಯ ಮಾಲನ್ನು ದೇಶದೊಳಕ್ಕೆ ತರುವಂತಿಲ್ಲ ಎಂಬ ನಿಯಮ. ಕೆ.ಜಿ.ಗೆ 251 ರೂಪಾಯಿ ಇದ್ದ ಈ ಬೆಲೆಯನ್ನು ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ 351 ರೂಪಾಯಿಗೆ ಏರಿಸಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಸೆಪ್ಟೆಂಬರ್‌ನಲ್ಲಿ, ಭೂತಾನ್‌ನಿಂದ ವರ್ಷಕ್ಕೆ 17,000 ಟನ್‌ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಿಸಲು ಅನುಮತಿ ಕೊಟ್ಟಿತ್ತು. ಮಲೆನಾಡಿನಲ್ಲಿ ಅದಕ್ಕೆ ದೊಡ್ಡ ವಿರೋಧ ಎದ್ದಿತು.

ಭೂತಾನ್‌ ಪುಟ್ಟ ದೇಶ. ಉತ್ತರಕ್ಕೆ ಚೀನಾ, ಉಳಿದ ಮೂರು ದಿಕ್ಕಿಗೂ ಭಾರತ. 2017ರಲ್ಲಿ ಭಾರತ ಮತ್ತು ಚೀನಾ ಸೈನಿಕರು ಎದುರುಬದುರು ನಿಂತ ದೋಕ್ಲಾಂ ಪ್ರಸ್ಥಭೂಮಿ ಇರುವುದು ಈ ಮೂರು ದೇಶಗಳ ಗಡಿ ಸೇರುವ ಮೂಲೆಯಲ್ಲೇ. ಅಂಥ ನೆರೆಯ ದೇಶದ ರೈತರ ಬೆಳೆಗೆ ಮಾರುಕಟ್ಟೆ ಕೊಡುವುದು ಬರೀ ವ್ಯಾಪಾರದ ಲೆಕ್ಕವಾಗಿರಲು ಸಾಧ್ಯವಿಲ್ಲ. ಹಾಗೆಂದು ತೀರ್ಥಹಳ್ಳಿಯ ಬೆಳೆಗಾರರ ಆತಂಕ ಸುಳ್ಳಾಗುವುದೂ ಇಲ್ಲ. ಎರಡನ್ನೂ ತೂಗಿ ನೋಡಬೇಕಾದವರು ಸಂಸದರು. ದೇಶದ ಒಟ್ಟು ಉತ್ಪಾದನೆ ಹತ್ತು ಲಕ್ಷ ಟನ್ನಿಗೂ ಹೆಚ್ಚು. ಅದರ ಮುಂದೆ 17,000 ಟನ್‌, ಅದೂ ಒಣಗಿದರೆ ತೂಕ ಇನ್ನೂ ಇಳಿಯುವ ಹಸಿ ಅಡಿಕೆ, ಎಷ್ಟು ದೊಡ್ಡದು? ಇಷ್ಟು ಲೆಕ್ಕ ಹಾಕಿದ ಸಂಸದರಿಗೆ ಮುಂದಿನ ಪ್ರಶ್ನೆ ಹೊಳೆಯುತ್ತದೆ: ಅನುಮತಿ ಪಡೆದು ಬರುವುದಕ್ಕಿಂತ ಅನುಮತಿಯಿಲ್ಲದೆ ನುಸುಳಿ ಬರುವುದು, ಅಥವಾ ಬೇರೊಂದು ದೇಶದ ಮಾಲು ಸುಂಕ ರಿಯಾಯಿತಿ ಇರುವ ದೇಶದ ಹೆಸರಿನಲ್ಲಿ ಬರುವುದು ಹೆಚ್ಚಿರಬಹುದೇ? ವ್ಯಾಪಾರ ಒಪ್ಪಂದಗಳಲ್ಲಿ ‘ಮೂಲದೇಶದ ನಿಯಮ’ ಎಂಬುದೊಂದಿದೆ. ಮಾಲು ನಿಜವಾಗಿ ಯಾವ ದೇಶದಲ್ಲಿ ಬೆಳೆದದ್ದು ಎಂಬುದನ್ನು ಪ್ರಮಾಣಪತ್ರದ ಮೂಲಕ ತೋರಿಸಬೇಕು. ಅಡಿಕೆಯ ಜಗಳದಲ್ಲಿ ನಿಜವಾದ ಗಂಟು ಇರುವುದು ಈ ಪ್ರಮಾಣಪತ್ರದಲ್ಲಿ ಎಂಬುದು ನನ್ನ ಅಭಿಪ್ರಾಯ.

ಈಗ ಈ ಮನವಿಯನ್ನು ಕೈಯಲ್ಲಿ ಹಿಡಿದು ಸಂಸತ್ತಿನ ಅಧಿವೇಶನದ ವಾರದೊಳಗೆ ಹೋಗೋಣ.

ಲೋಕಸಭೆ ಬೆಳಿಗ್ಗೆ 11 ಗಂಟೆಗೆ ಸೇರುತ್ತದೆ. ಮೊದಲ ಒಂದು ಗಂಟೆ ಪ್ರಶ್ನೋತ್ತರ ವೇಳೆ. ಪ್ರಶ್ನೆಗಳಲ್ಲಿ ಎರಡು ಮುಖ್ಯ ಬಗೆ. ಸಚಿವರು ಸದನದಲ್ಲೇ ಎದ್ದುನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು ಚುಕ್ಕೆ ಗುರುತಿನ ಪ್ರಶ್ನೆ. ಲಿಖಿತ ಉತ್ತರ ಸಾಕು ಎನ್ನುವಂಥದ್ದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಒಬ್ಬ ಸದಸ್ಯರ ಹೆಸರಿನಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ ಒಂದೇ. ನೂರಾರು ಜನ ಪ್ರಶ್ನೆ ಕಳಿಸುವುದರಿಂದ ಯಾರದು ಮೊದಲು ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಸಚಿವಾಲಯಗಳನ್ನು ಐದು ಗುಂಪು ಮಾಡಿ ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದು ಗುಂಪಿಗೆ ಒಂದೊಂದು ದಿನ ಗೊತ್ತುಪಡಿಸಿರುತ್ತಾರೆ. ಪ್ರಶ್ನೆಯನ್ನು ಕನಿಷ್ಠ 15 ದಿನ ಮೊದಲೇ ಕೊಟ್ಟಿರಬೇಕು. ಅಂದರೆ ಇವತ್ತು ಕೇಳುವ ಪ್ರಶ್ನೆಯ ಹಿಂದೆ ಎರಡು ವಾರ ಹಿಂದಿನ ಯೋಚನೆಯಿದೆ.

ಪ್ರಶ್ನೆ ಬರೆಯುವುದು ಒಂದು ಕುಶಲ ಕೆಲಸ, ಅದನ್ನು ನೀವು ಹತ್ತಿರದಿಂದ ನೋಡಬೇಕು. ‘ಅಡಿಕೆ ಬೆಳೆಗಾರರ ಸಂಕಷ್ಟ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಬಂದಿದೆ, ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಉತ್ತರ ಬರುತ್ತದೆ. ಬೆಳೆಗಾರರಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಬದಲಿಗೆ ಪ್ರಶ್ನೆಯನ್ನು ಹೀಗೆ ಕಟ್ಟಬಹುದು: ಕಳೆದ ಮೂರು ವರ್ಷಗಳಲ್ಲಿ ಯಾವ ಯಾವ ದೇಶದಿಂದ ಎಷ್ಟು ಟನ್‌ ಅಡಿಕೆ ಆಮದಾಗಿದೆ? ಅದರಲ್ಲಿ ಕನಿಷ್ಠ ಬೆಲೆಯ ವಿನಾಯಿತಿ ಪಡೆದದ್ದು ಎಷ್ಟು? ಸುಳ್ಳು ಮೂಲದೇಶ ಪ್ರಮಾಣಪತ್ರದ ಎಷ್ಟು ಪ್ರಕರಣಗಳು ಪತ್ತೆಯಾಗಿವೆ, ಯಾವ ಬಂದರು ಅಥವಾ ಗಡಿ ಠಾಣೆಯಲ್ಲಿ? ಇದಕ್ಕೆ ಸಚಿವಾಲಯ ಅಂಕಿ ಅಂಶ ಕೊಡಲೇಬೇಕು. ಪ್ರಶ್ನೆ ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂಬ ನಿಯಮವೂ ಇದೆ, ಆದ್ದರಿಂದ ಪ್ರತಿ ಪದಕ್ಕೂ ಬೆಲೆ. ಉತ್ತರದಲ್ಲಿ ಬಂದ ಅಂಕಿ ಸರ್ಕಾರವೇ ಸದನದಲ್ಲಿ ಒಪ್ಪಿಕೊಂಡ ಅಂಕಿ. ಪತ್ರಕರ್ತರು, ಬೆಳೆಗಾರರ ಸಹಕಾರ ಸಂಘಗಳು ಅದನ್ನು ಹಿಡಿದು ಮುಂದಿನ ಹೋರಾಟ ಕಟ್ಟಬಹುದು. ಗೊತ್ತಿದ್ದೂ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಅದು ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಭಂಗ ತಂದ ತಪ್ಪು.

ಚುಕ್ಕೆ ಗುರುತಿನ ಪ್ರಶ್ನೆಗೆ ಇನ್ನೊಂದು ಬಲವಿದೆ. ಸಚಿವರ ಉತ್ತರ ಕೇಳಿದ ಮೇಲೆ ಸದಸ್ಯರು ಎರಡು ಉಪಪ್ರಶ್ನೆ ಕೇಳಬಹುದು. ಅವು ಮೊದಲೇ ಸಚಿವರಿಗೆ ಗೊತ್ತಿರುವುದಿಲ್ಲ. ವಿಷಯ ಚೆನ್ನಾಗಿ ಓದಿಕೊಂಡ ಸಂಸದರು ಯಾರು, ಸಹಾಯಕರು ಬರೆದುಕೊಟ್ಟದ್ದನ್ನು ಓದುವವರು ಯಾರು ಎಂಬುದು ಈ ಎರಡು ನಿಮಿಷಗಳಲ್ಲಿ ತಿಳಿದುಬಿಡುತ್ತದೆ. ಸದನದ ಗದ್ದಲದಲ್ಲಿ ಪ್ರಶ್ನೋತ್ತರ ವೇಳೆ ಕೊಚ್ಚಿಹೋದಾಗ ನನಗೆ ನಿಜಕ್ಕೂ ನೋವಾಗುತ್ತದೆ. ತಿಂಗಳುಗಟ್ಟಲೆ ಕಾದು ಲಾಟರಿಯಲ್ಲಿ ಗೆದ್ದ ಪ್ರಶ್ನೆಗೆ ಲಿಖಿತ ಉತ್ತರ ಸಿಕ್ಕರೂ ಉಪಪ್ರಶ್ನೆಯ ಅವಕಾಶ ಹೋದದ್ದು ಹೋದದ್ದೇ.

ಮಧ್ಯಾಹ್ನ 12ಕ್ಕೆ ಶೂನ್ಯ ವೇಳೆ. ನಿಯಮಾವಳಿಯಲ್ಲಿ ಈ ಹೆಸರೇ ಇಲ್ಲ, ರೂಢಿಯಿಂದ ಬಂದದ್ದು. ತುರ್ತು ವಿಷಯವನ್ನು ಮುನ್ಸೂಚನೆಯ ಉದ್ದನೆಯ ಗಡುವಿಲ್ಲದೆ ಒಂದೆರಡು ನಿಮಿಷದಲ್ಲಿ ಹೇಳಿಬಿಡಬಹುದು. ನಿಯಮ 377 ಎಂಬ ಇನ್ನೊಂದು ದಾರಿಯಲ್ಲಿ ಚಿಕ್ಕ ಲಿಖಿತ ಹೇಳಿಕೆ ಕೊಡಬಹುದು. ಕನ್ನಡದಲ್ಲೂ ಮಾತನಾಡಬಹುದು, ಅನುವಾದದ ವ್ಯವಸ್ಥೆಯಿದೆ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ ಹೋದ ಜೆ.ಎಚ್‌. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ್ದು ಇಂದಿಗೂ ನೆನೆಯುವ ಸಂಗತಿ.

ಇನ್ನು ಸಮಿತಿ. ನನ್ನ ಮಟ್ಟಿಗೆ ಸಂಸದರ ವಾರದ ತಿರುಳು ಇಲ್ಲಿದೆ.

ಸಾವಿರಾರು ಪುಟಗಳ ಬಜೆಟ್‌ ಲೆಕ್ಕ, ನೂರಾರು ಕಲಮುಗಳ ಮಸೂದೆ, ಇವನ್ನು 543 ಜನ ಒಟ್ಟಿಗೆ ಕೂತು ಪರಿಶೀಲಿಸಲಾಗದು. ಅದಕ್ಕೆಂದೇ 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ಮಾಡಿದರು. ಈಗ ಅಂಥ 24 ಸಮಿತಿಗಳಿವೆ. ಪ್ರತಿಯೊಂದರಲ್ಲೂ 31 ಸದಸ್ಯರು, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವರಾದವರು ಇವುಗಳ ಸದಸ್ಯರಾಗುವಂತಿಲ್ಲ. ಕೃಷಿಗೊಂದು, ವಾಣಿಜ್ಯಕ್ಕೊಂದು, ವಿದೇಶಾಂಗ ವ್ಯವಹಾರಕ್ಕೊಂದು ಸಮಿತಿಯಿದೆ. ಸಭೆ ಬಾಗಿಲು ಮುಚ್ಚಿ ನಡೆಯುತ್ತದೆ, ಟಿ.ವಿ. ನೇರಪ್ರಸಾರವಿಲ್ಲ. ಕಾರ್ಯದರ್ಶಿ ಮಟ್ಟದ ಅಧಿಕಾರಿಗಳು ಬಂದು ಕೂತು ಉತ್ತರಿಸಬೇಕು. ನೋಡುವ ಕ್ಯಾಮೆರಾ ಇಲ್ಲದ್ದರಿಂದ ಬೇರೆ ಬೇರೆ ಪಕ್ಷದವರು ಅಲ್ಲಿ ಹೆಚ್ಚು ನೇರವಾಗಿ ಮಾತನಾಡುತ್ತಾರೆ, ಪರಸ್ಪರ ಒಪ್ಪುವುದೂ ಉಂಟು.

ವಿದೇಶಾಂಗ ನೀತಿಯಲ್ಲಿ ಸಂಸತ್ತಿನ ಪಾತ್ರ ಎಷ್ಟು ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ಅಧ್ಯಕ್ಷರು ಮಾಡಿಕೊಂಡ ಸಂಧಿಗೆ ಸೆನೆಟ್‌ನ ಮೂರನೇ ಎರಡರಷ್ಟು ಬೆಂಬಲ ಬೇಕು. ನಮ್ಮಲ್ಲಿ ಆ ನಿಯಮವಿಲ್ಲ. ಒಪ್ಪಂದ ಮಾಡಿಕೊಳ್ಳುವುದು ಸರ್ಕಾರದ ಅಧಿಕಾರ. ಆದರೆ ಆ ಒಪ್ಪಂದವನ್ನು ಜಾರಿಗೆ ತರಲು ದೇಶದ ಕಾನೂನು ಬದಲಾಗಬೇಕಿದ್ದರೆ ಸಂಸತ್ತಿಗೆ ಬರಲೇಬೇಕು. ಸಂವಿಧಾನದ 253ನೇ ವಿಧಿ ಅಂಥ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ದೇಶದ ನೆಲವನ್ನೇ ಬಿಟ್ಟುಕೊಡುವುದಾದರೆ ಸಂವಿಧಾನ ತಿದ್ದುಪಡಿಯೇ ಬೇಕು ಎಂದು ಬೇರುಬಾರಿ ಎಂಬ ಗಡಿ ಪ್ರದೇಶದ ವಿಷಯದಲ್ಲಿ ಸುಪ್ರೀಂ ಕೋರ್ಟ್‌ 1960ರಲ್ಲಿ ಹೇಳಿತು.

ಆ ಮಾತು ಎಷ್ಟು ದೂರ ಹೋಯಿತು ಎಂಬುದಕ್ಕೆ ಬಾಂಗ್ಲಾದೇಶದ ಗಡಿ ಒಪ್ಪಂದವನ್ನು ನೋಡಿ. ಭಾರತದ 111 ತುಂಡುನೆಲಗಳು ಬಾಂಗ್ಲಾದೇಶದ ಒಳಗೆ, ಬಾಂಗ್ಲಾದೇಶದ 51 ತುಂಡುನೆಲಗಳು ಭಾರತದ ಒಳಗೆ ಸಿಕ್ಕಿಕೊಂಡಿದ್ದವು. 2011ರ ಜಂಟಿ ಎಣಿಕೆಯ ಪ್ರಕಾರ ಅಲ್ಲಿ ಐವತ್ತೊಂದು ಸಾವಿರಕ್ಕೂ ಹೆಚ್ಚು ಜನ ಬದುಕುತ್ತಿದ್ದರು. ತಮ್ಮದೆನ್ನುವ ದೇಶಕ್ಕೆ ಹೋಗಲು ಪರದೇಶ ದಾಟಬೇಕು. ಸುತ್ತಲಿನ ದೇಶದ ಶಾಲೆ, ಆಸ್ಪತ್ರೆ, ಪಡಿತರ ಅವರದಲ್ಲ. 1974ರ ಮೇ 16ರಂದು ಇಂದಿರಾ ಗಾಂಧಿ ಮತ್ತು ಶೇಖ್‌ ಮುಜೀಬುರ್‌ ರಹಮಾನ್‌ ಈ ನೆಲಗಳ ವಿನಿಮಯಕ್ಕೆ ಸಹಿ ಹಾಕಿದರು. ಭಾರತದ ಕಡೆಯಿಂದ ಸಂವಿಧಾನ ತಿದ್ದುಪಡಿ ಆಗಲಿಲ್ಲ, ಒಪ್ಪಂದ ಕಾಗದದಲ್ಲೇ ಉಳಿಯಿತು. 2013ರ ಡಿಸೆಂಬರ್‌ನಲ್ಲಿ ಮಸೂದೆ ರಾಜ್ಯಸಭೆಗೆ ಬಂದಾಗ ಮಂಡನೆಗೇ ವಿರೋಧ ಬಂತು. ಆಮೇಲೆ ಅದು ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿ ಮಸೂದೆಯನ್ನು ಬೇಗ ಅಂಗೀಕರಿಸಬೇಕೆಂದು 2014ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಅಷ್ಟರಲ್ಲಿ ಸರ್ಕಾರವೇ ಬದಲಾಗಿತ್ತು. 2015ರ ಮೇ 7ರಂದು ಲೋಕಸಭೆ ಈ ತಿದ್ದುಪಡಿಯನ್ನು ಒಂದೂ ವಿರೋಧ ಮತವಿಲ್ಲದೆ, 331 ಮತಗಳಿಂದ ಅಂಗೀಕರಿಸಿತು. ಅದೇ ಸಂವಿಧಾನದ 100ನೇ ತಿದ್ದುಪಡಿ. ಜುಲೈ 31ರ ನಡುರಾತ್ರಿ ನೆಲಗಳು ಕೈಬದಲಾದವು. ಸಹಿಗೂ ಜಾರಿಗೂ ನಡುವೆ 41 ವರ್ಷ.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ವಿದೇಶಾಂಗ ನೀತಿ ಎಂದರೆ ಪ್ರಧಾನಿಗಳು ಕೈಕುಲುಕುವ ಚಿತ್ರ ಎಂದು ಅನೇಕರು ತಿಳಿದಿದ್ದಾರೆ. ಗಡಿಯ ಆ ತುಂಡುನೆಲಗಳ ಮಕ್ಕಳಿಗೆ ಕೊನೆಗೂ ಒಂದು ದೇಶ ಸಿಕ್ಕಿದ್ದು ಸಂಸದರ ಮತದಿಂದ.

ವಾರದ ಉಳಿದ ಭಾಗವನ್ನು ಬೇಗ ನೋಡಿಬಿಡೋಣ. ಮಧ್ಯಾಹ್ನ 2ರ ನಂತರ ಮಸೂದೆಗಳ ಚರ್ಚೆ, ಮತದಾನ. ಇಲ್ಲಿ ‘ವಿಪ್‌’ ಎಂಬ ಪದ ನಿಮ್ಮ ಕಿವಿಗೆ ಬೀಳುತ್ತದೆ. ಇಂಥ ದಿನ ಹಾಜರಿದ್ದು ಹೀಗೇ ಮತ ಹಾಕಬೇಕು ಎಂದು ಪಕ್ಷ ಕೊಡುವ ಲಿಖಿತ ಆದೇಶ ಅದು. ಮೀರಿದರೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನಡಿ ಸದಸ್ಯತ್ವವೇ ಹೋಗಬಹುದು. ಸಂಸದರು ಕ್ಷೇತ್ರದ ಪರವಾಗಿ ಏನು ಬೇಕಾದರೂ ಮಾತನಾಡಬಲ್ಲರು, ಆದರೆ ಮತ ಹಾಕುವಾಗ ಕೈ ಕಟ್ಟಿರುತ್ತದೆ. ಒಂದೊಂದು ಮತಕ್ಕೂ ಎಷ್ಟು ಬೆಲೆ ಎಂಬುದಕ್ಕೆ ಒಂದು ಉದಾಹರಣೆ: 2008ರ ಜುಲೈ 22ರಂದು ಅಮೆರಿಕದೊಡನೆ ಪರಮಾಣು ಒಪ್ಪಂದದ ವಿಚಾರದಲ್ಲಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡ ಮೇಲೆ ನಡೆದ ವಿಶ್ವಾಸಮತದಲ್ಲಿ 275 ಪರ, 256 ವಿರುದ್ಧ ಮತ ಬಿದ್ದವು. ಹತ್ತೊಂಬತ್ತು ಮತಗಳ ಅಂತರದಲ್ಲಿ ಸರ್ಕಾರವೂ ಒಪ್ಪಂದವೂ ಉಳಿದವು.

ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರದು, ಅಂದರೆ ಸಚಿವರಲ್ಲದ ಯಾವುದೇ ಸದಸ್ಯರದು. ಅವರು ತಾವೇ ಬರೆದ ಮಸೂದೆ ಮಂಡಿಸಬಹುದು. ಸ್ವಾತಂತ್ರ್ಯ ಬಂದಂದಿನಿಂದ ಹೀಗೆ ಬಂದು ಎರಡೂ ಸದನ ದಾಟಿ ಕಾನೂನಾದವು 14 ಮಾತ್ರ, ಕೊನೆಯದು 1970ರಲ್ಲಿ. ಹಾಗಿದ್ದರೂ ಈ ಗಂಟೆಗಳು ವ್ಯರ್ಥವೆಂದು ನಾನು ಒಪ್ಪುವುದಿಲ್ಲ. ರಾಜ್ಯಸಭಾ ಸದಸ್ಯ ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಗೆ 2015ರಲ್ಲಿ ರಾಜ್ಯಸಭೆ ಒಪ್ಪಿಗೆ ಕೊಟ್ಟಿತು. ಅದು ಲೋಕಸಭೆ ದಾಟಲಿಲ್ಲ, ಆದರೆ 2019ರಲ್ಲಿ ಸರ್ಕಾರ ತಾನೇ ಆ ವಿಷಯದ ಮೇಲೊಂದು ಕಾನೂನು ತಂದಿತು.

ಶನಿವಾರ, ಭಾನುವಾರ ಕ್ಷೇತ್ರದಲ್ಲಿ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳು ಹೇಗೆ ನಡೆಯುತ್ತಿವೆ ಎಂದು ನೋಡುವ ‘ದಿಶಾ’ ಸಮಿತಿಗೆ ಸಂಸದರೇ ಅಧ್ಯಕ್ಷರು. ಆ ಸಭೆ ಮುಗಿಸಿ ಹೊರಬಂದರೆ ಬಾಗಿಲಲ್ಲಿ ಜನ ಕಾದಿರುತ್ತಾರೆ. ಕರಾವಳಿಯ ಸಂಸದರಾದರೆ ಅವರಲ್ಲಿ ಕೊಲ್ಲಿ ದೇಶಕ್ಕೆ ಮಗನನ್ನು ಕಳಿಸಿದ ತಾಯಿಯೊಬ್ಬರು ಇರುವುದು ಸಾಮಾನ್ಯ. ಮಾಲೀಕ ಪಾಸ್‌ಪೋರ್ಟ್‌ ಕಿತ್ತುಕೊಂಡಿದ್ದಾನೆ, ಸಂಬಳ ಕೊಟ್ಟಿಲ್ಲ ಎಂಬ ದೂರು. ಸಂಸದರು ವಿದೇಶಾಂಗ ಸಚಿವಾಲಯಕ್ಕೆ ಪತ್ರ ಬರೆಯುತ್ತಾರೆ, ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ವಿಷಯ ಹೋಗುತ್ತದೆ. ಕಷ್ಟಕ್ಕೆ ಸಿಕ್ಕ ಭಾರತೀಯರ ನೆರವಿಗೆಂದು ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿಯೂ ಇದೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಭುಗಿಲೆದ್ದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನ ಜನರೂ ಇದ್ದರು. ‘ಆಪರೇಷನ್‌ ಕಾವೇರಿ’ ಹೆಸರಿನಲ್ಲಿ ಭಾರತೀಯರನ್ನು ಕರೆತರಲಾಯಿತು. ಸುಡಾನಿನ ಗುಂಡಿನ ಸದ್ದು ಕರ್ನಾಟಕದ ಹಾಡಿಯೊಂದರ ಒಳನಾಡಿನ ವಿಷಯವೂ ಆಗಿತ್ತು.

ಅಧಿವೇಶನವಿಲ್ಲದ ವಾರಗಳೇ ಹೆಚ್ಚು ಎಂಬುದನ್ನೂ ಹೇಳಿಬಿಡಬೇಕು. ಮೊದಲ ಲೋಕಸಭೆ 677 ದಿನ ಕಲಾಪ ನಡೆಸಿತ್ತು. ಐದು ವರ್ಷ ಪೂರೈಸಿದ 17ನೇ ಲೋಕಸಭೆ ನಡೆಸಿದ್ದು 274 ದಿನ, ವರ್ಷಕ್ಕೆ ಸರಾಸರಿ 55. ಇದು ತೀರಾ ಕಡಿಮೆ. ಪ್ರಶ್ನೆ ಕೇಳುವ ದಿನ ಕಡಿಮೆಯಾದಷ್ಟೂ ಉತ್ತರ ಕೊಡಬೇಕಾದ ಭಾರ ಸರ್ಕಾರಕ್ಕೆ ಹಗುರವಾಗುತ್ತದೆ, ಯಾವ ಪಕ್ಷದ ಸರ್ಕಾರವೇ ಇರಲಿ.

ನೀವು ಇಷ್ಟು ದೂರ ನನ್ನ ಜೊತೆ ಬಂದಿದ್ದೀರಿ, ಇನ್ನು ನಿಮ್ಮದೇ ಒಂದು ಅಭ್ಯಾಸ. ಸಂಸತ್ತಿನ ಜಾಲತಾಣದಲ್ಲಿ ನಿಮ್ಮ ಸಂಸದರ ಹೆಸರು ಹುಡುಕಿ. ಅವರು ಕೇಳಿದ ಪ್ರಶ್ನೆಗಳು, ಬಂದ ಉತ್ತರಗಳು ಅಲ್ಲಿ ಇವೆ. ಒಂದನ್ನು ಪೂರ್ತಿ ಓದಿ: ಅಂಕಿ ಕೇಳಿದ್ದಾರೆಯೇ, ಅಭಿಪ್ರಾಯ ಮಾತ್ರ ಕೇಳಿದ್ದಾರೆಯೇ ನೋಡಿ. ನಿಮ್ಮೂರಿನ ಅಹವಾಲು ಏನಾದರೂ ಇದ್ದರೆ ಅವರಿಗೆ ಪತ್ರ ಬರೆಯಿರಿ. ಯಾವ ಸಚಿವಾಲಯಕ್ಕೆ ಸೇರಿದ ವಿಷಯ, ಯಾವ ವರ್ಷದ ಲೆಕ್ಕ ಬೇಕು ಎಂಬುದನ್ನು ಪತ್ರದಲ್ಲೇ ಸ್ಪಷ್ಟವಾಗಿ ತಿಳಿಸಿ. ಪ್ರಶ್ನೆಗೆ 15 ದಿನದ ಮುನ್ಸೂಚನೆ ಬೇಕಾದ್ದರಿಂದ, ಅಧಿವೇಶನ ಶುರುವಾಗುವ ಒಂದು ತಿಂಗಳ ಮೊದಲೇ ಆ ಪತ್ರ ಅವರ ಕೈ ಸೇರುವಂತೆ ನೋಡಿಕೊಳ್ಳಿ.